ಇಂದುಮಾವ್ಶಿಯ ಸೆರಗು

ನಮ್ಮ ಗಿರಗಾಂವ್ ಚಾಳಿನ ಇಂದುಮಾವ್ಶಿಗೆ ಅಪಾಯವೆಂದರೆ ಬಚ್ಚಲಿನ ಪಾಚಿ, ಒದ್ದೆ ಕೈಯಲ್ಲಿ ಮುಟ್ಟಿದ ಸ್ವಿಚ್ಚು, ರಾತ್ರಿ ತಿಂದ ಮೊಸರು. ದೀಪಾವಳಿ ಹತ್ತಿರವಾದರೆ ಮಾತ್ರ ಮೂರನೆಯ ಮಹಡಿಯ ಕಿಟಕಿಯಲ್ಲಿ ಕಾಲಷ್ಟೇ ಒಳಗಿಟ್ಟು, ರಸ್ತೆಗೆ ಬೆನ್ನು ಮಾಡಿ ಕೂತು, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಾರೆ. "ನೋಡ್ಕೊಂಡು ನಡೀರಪ್ಪ, ಬಾಳೆಹಣ್ಣಿನ ಸಿಪ್ಪೆ ಬಿದ್ದಿದೆ" ಎಂದು ಕೆಳಗಿನವರನ್ನು ಅಲ್ಲಿಂದಲೇ ಎಚ್ಚರಿಸುತ್ತಾರೆ. ಒಳಗೆ ಗಂಡ ದತ್ತೋಬಾ ಹೆಂಡತಿಯ ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ನಿಂತಿರುತ್ತಾರೆ. "ಬಿದ್ರೆ ಆ ಸೆರಗು ತಡಿಯುತ್ತಾ ಮಾವ್ಶಿ?" ಎಂದು ಒಮ್ಮೆ ಅಡುಗೆಮನೆಯಲ್ಲಿ ಕೇಳಿದೆ. "ಎಲ್ಲಿಂದ ತಡಿಯುತ್ತೆ" ಎಂದವರು ದನಿ ತಗ್ಗಿಸಿದರು. "ಹಿಂದೆ ಬಿದಿರಿನ ಸಾರುವೆ ಮೇಲೆ ನಿಂತು ಬಣ್ಣ ಹೊಡೀತಿದ್ದಾಗ ಇವರ ಕೈಯಿಂದ ಜೊತೆಗಾರ ಜಾರಿ ಬಿದ್ದು ಸತ್ತ. ವರ್ಷಕ್ಕೊಂದ್ಸಲನಾದ್ರೂ ಯಾರನ್ನೋ ಹಿಡಿದು ಒಳಗೆ ಎಳ್ಕೊಂಡೆ ಅಂತ ಇವರಿಗೆ ಅನ್ನಿಸ್ಲಿ ಬಿಡು."