ಮಾಸ್ತಮ್ಮನ ಜಂಬೆ ಕಟ್ಟಿಗೆ

ಕಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳುತ್ತಿದ್ದಳು ಮಾಸ್ತಮ್ಮ. ಟಣ್ ಎಂದರೆ ಒಣಗಿದೆ; ಇಲ್ಲದಿದ್ದರೆ ಮುಖ ಸಿಂಡರಿಸಿ ಅತ್ತ ಎಸೆಯುವಳು. ನಮ್ಮೂರು ಹೆಬಳೆಯಲ್ಲಿ ಬಾಣಂತಿಯರಿಗೆ ನೀರು ಹಾಕುವುದು ಅವಳ ಕೆಲಸ. ಮನೆಮನೆಗೂ ಗೀಸರ್ ಬಂದ ಮೇಲೂ ಹಂಡೆಗೆ ಬೆಂಕಿ ಹಾಕದೆ ಚೊಂಬು ಮುಟ್ಟುತ್ತಿರಲಿಲ್ಲ. "ಕರೆಂಟಿನ ನೀರು ತೊಗಲಿಗೆ ಸಾಕು, ಎಲುಬಿಗೆ ಇಳೂದಿಲ್ಲ" ಎನ್ನುತ್ತಿದ್ದಳು. ಎದುರು ಮಾತಾಡಿದರೆ ಬಿಸಿನೀರು ಸೀದಾ ನೆತ್ತಿಗೆ!

ಅವಳ ಮನೆಯ ಹಿಂದೆ, ತಗಡಿನ ಮಾಡಿನಡಿ ಜಂಬೆ ಮರದ ಕಟ್ಟಿಗೆಯ ದೊಡ್ಡ ರಾಶಿಯಿತ್ತು. ಕಬ್ಬಿಣದಂಥ ಮರ ಅದು. ಹತ್ತುವುದು ತಡ, ಹತ್ತಿದ ಮೇಲೆ ಆರುವ ಮಾತಿಲ್ಲ. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅವಳ ಗಂಡ ತೀರಿಕೊಂಡದ್ದು ಜಡಿಮಳೆಯಲ್ಲಿ. ಹಸಿ ಕಟ್ಟಿಗೆ ಹತ್ತದೆ ಕೊನೆಗೆ ಹಳೇ ಟಯರು ಹಾಕಿ ಸುಟ್ಟಿದ್ದರಂತೆ. "ಮನ್ಷಂಗೆ ಟಯರ್ ಹಾಕೂದಾ ಮಗಾ? ನಂಗೆ ಮಾತ್ರ ಬ್ಯಾಡ. ನನ್ ಕಟ್ಟಿಗೆ ಅಲ್ಲಿ ಅದೆ ನೋಡು" ಎಂದು ರಾಶಿ ತೋರಿಸುತ್ತಿದ್ದಳು.

ನನ್ನ ಹೆರಿಗೆ ಆಷಾಢದಲ್ಲಾಯಿತು. ನಮ್ಮ ಕಟ್ಟಿಗೆಯ ಮೇಲಿನ ತಾಡಪತ್ರಿ ಗಾಳಿಗೆ ಹಾರಿ ಎಲ್ಲವೂ ನೆನೆದು ಹೋಗಿತ್ತು. ಆದರೂ ನಲವತ್ತು ದಿನವೂ ನೀರು ಸುಡುಸುಡು. ಮಾಸ್ತಮ್ಮ ಮಳೆಗೆ ಹೊದ್ದ ಪ್ಲಾಸ್ಟಿಕ್ ಕೊಪ್ಪೆಯೊಳಗೆ ಏನನ್ನೋ ಅವುಚಿಕೊಂಡು ಬರುತ್ತಿದ್ದಳು. ನೀರಿಗೆ ಹಾಕುವ ಸೊಪ್ಪಿರಬೇಕು ಎಂದುಕೊಂಡಿದ್ದೆ. ಒಂದು ದಿನ ಬಚ್ಚಲಲ್ಲಿ ಕೂತಾಗ ಒಲೆಯ ಕಡೆಯಿಂದ ಟಣ್ ಎಂದು ಕೇಳಿಸಿತು.

"ಎಂತದು ಮಾಸ್ತಮ್ಮ?"

"ನಿಂಗೆಂತಕೆ? ಬೆನ್ನು ತಿರ್ಗ್ಸು."

ಮಗುವಿಗೆ ಮೂರು ತಿಂಗಳು ತುಂಬುವ ಮೊದಲೇ, ಮಳೆ ಇನ್ನೂ ಹೊಯ್ಯುತ್ತಿರುವಾಗಲೇ, ಮಾಸ್ತಮ್ಮ ಕೂತಲ್ಲೇ ಹೋಗಿಬಿಟ್ಟಳು. ಓಡಿಹೋಗಿ ನೋಡಿದರೆ ಗಂಡಸರು ಹಿತ್ತಲಲ್ಲಿ ಸುಮ್ಮನೆ ನಿಂತಿದ್ದರು. ಮಾಡಿನಡಿ ಒಂದಿಷ್ಟು ತೊಗಟೆಚೂರು ಬಿಟ್ಟರೆ ಏನೂ ಇಲ್ಲ. "ಕಟ್ಟಿಗೆ ಎಲ್ಲಿ?" ಎಂದು ಕೂಗಿಬಿಟ್ಟೆ.

ಅವಳ ನಾದಿನಿ ನನ್ನನ್ನೇ ದಿಟ್ಟಿಸಿದಳು. "ನಿಂಗೊತ್ತಿಲ್ವನೆ? ಎಲ್ಲಾ ನಿನ್ ಹಂಡೆಗೇ ಆತು. ಬ್ಯಾಡ ಅಂದ್ರೆ, 'ನಾ ಮಳೆ ಕಳ್ದೇ ಸಾಯೂದು' ಅಂತ ನಗ್ತಿತ್ತು."

ನಲವತ್ತು ದಿನ ನಾನು ಮಿಂದದ್ದು ಅವಳ ಚಿತೆಯ ಕಟ್ಟಿಗೆಯಲ್ಲಿ ಕಾದ ನೀರು. ಅದರ ಬಿಸಿ ಹೆಚ್ಚಾಯಿತೆಂದು ಅವಳ ಮೇಲೆ ರೇಗಿದ್ದೆ ಬೇರೆ.

ಸಂಜೆ ಮಳೆ ತುಸು ಹೊಳವಾಯಿತು. ಬಾಗಿಲಲ್ಲಿ ಕೂತು ಮಗುವಿನ ನೆತ್ತಿಗೆ ಎಣ್ಣೆ ಒತ್ತುತ್ತಿದ್ದೆ, ಅವಳು ಕಲಿಸಿದ ಹಾಗೇ. ಸ್ಮಶಾನದ ಕಡೆಯಿಂದ ಗಾಳಿ ಬೀಸಿತು. ಟಯರು ಸುಟ್ಟ ವಾಸನೆ ಬಂತು.