ಎಸ್ತೇರಬಾಯಿಗೆ ಬಂದ ಚೀಟಿ

ಬೆಂಗೇರಿಯಲ್ಲಿ ಕೋಣೆ ಹಿಡಿದ ಎರಡನೇ ತಿಂಗಳಿಗೇ ನನ್ನ ಮದುವೆ ನಿಶ್ಚಯವಾಗುತ್ತಿದೆ ಎಂದು ನಾನು ನಂಬಿಬಿಟ್ಟಿದ್ದೆ. ಆಗ ಕಾಮಾಲೆಯಾಗಿ ರಜೆ ಹಾಕಿ ಮಲಗಿದ್ದೆ. ಒಂದು ಬುಧವಾರ ಸಂಜೆ ಗೋಡೆಯಾಚೆ, ಮನೆಯೊಡತಿ ಎಸ್ತೇರಬಾಯಿಯವರ ಪಡಸಾಲೆಯಲ್ಲಿ ಪ್ರಾರ್ಥನೆಯ ಹಾಡು ಮುಗಿಯಿತು. ಆಮೇಲೊಂದು ಹೆಣ್ಣುದನಿ: "ಅಯ್ಯ, ಕಪಿಲ ನನಗ ಬಂದಾನವಾ!"

"ನಿನ್ನ ದೈವ ಛಲೋ ಐತಿ. ಹುಡುಗ ಸಾಧು ಅದಾನ," ಎಂದಿತು ಇನ್ನೊಂದು ದನಿ. ಎಲ್ಲರೂ ನಕ್ಕರು. ಕಪಿಲ ಎಂದರೆ ನಾನೇ.

ಶೋರೂಮಿನಲ್ಲಿ ಊರಿಗೆಲ್ಲ ಬೈಕು ಮಾರಿ ತಾನು ಮಾತ್ರ ಸಿಟಿ ಬಸ್ಸಿಗೆ ಜೋತುಬೀಳುವವನಿಗೂ ಇಷ್ಟು ಬೇಡಿಕೆಯೇ! ಮರುದಿನ ಹಳದಿ ಕಣ್ಣಿಗೆ ಒಪ್ಪಲೆಂದು ನೀಲಿ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು ಕುಳಿತೆ. ಬಾಗಿಲು ಬಡಿದವರು ಅರವತ್ತು ದಾಟಿದ ಸುಕನ್ಯಾಬಾಯಿ. ಕೈಯಲ್ಲಿ ಗಂಜಿಯ ಡಬ್ಬಿ.

"ಈ ವಾರ ನೀ ನನ್ನ ಪಾಲಿಗೆ ಬಂದೀಯಪಾ. ಕುಡಿ. ಇದೇನ ಇಸ್ತ್ರಿ ಅಂಗಿ? ಎಲ್ಲಿಗೆ ಹೊಂಟೀ?"

"ಎಲ್ಲೂ ಇಲ್ರಿ," ಎಂದೆ.

ಅವರದೊಂದು ಪದ್ಧತಿ. ಎಸ್ತೇರಬಾಯಿಯೂ ಸೇರಿ ಒಂದೇ ಚರ್ಚಿನ ನಾಲ್ವರು ಗೆಳತಿಯರು ಬುಧವಾರ ಅವರ ಮನೆಯಲ್ಲಿ ಕೂಡಿ ಪ್ರಾರ್ಥಿಸುತ್ತಾರೆ. ಆಮೇಲೆ ಓಣಿಯಲ್ಲಿ ಕಷ್ಟದಲ್ಲಿರುವವರ ಹೆಸರು ಬರೆದ ಚೀಟಿಗಳನ್ನು ಬಿಸ್ಕಿಟ್ ಡಬ್ಬಿಯಿಂದ ಎತ್ತುತ್ತಾರೆ. ಯಾರ ಹೆಸರು ಬಂತೋ ಅವರನ್ನು ವಾರವಿಡೀ ನೋಡಿಕೊಳ್ಳಬೇಕು. ಮುಂದಿನ ಬುಧವಾರ ಏನು ಮಾಡಿದೆನೆಂದು ಹೇಳದೆ ಚಹಾ ಸಿಗುವುದಿಲ್ಲ. ಚೀಟಿ ಬದಲಿಸುವಂತಿಲ್ಲ. ಈ ಕಾನೂನೆಲ್ಲ ಎಸ್ತೇರಬಾಯಿಯವರದೇ. ಮೂವತ್ತು ವರ್ಷ ಬಾಲವಾಡಿ ನಡೆಸಿದವರು; ಅವರೆದುರು ಊಟಕ್ಕೆ ಕೂರುವಾಗ ನಾನು ಇಂದಿಗೂ ತೊಳೆದ ಕೈ ತೋರಿಸುತ್ತೇನೆ.

ಜೂನ್ ತಿಂಗಳಲ್ಲಿ ಅವರಿಗೇ ಕಾಳವ್ವನ ಚೀಟಿ ಬಂತು.

ಕಾಳವ್ವ ಎದುರುಮನೆಯವಳು, ಸಂತೆಯಲ್ಲಿ ಕಾಯಿಪಲ್ಯ ಮಾರುವವಳು. ಕೊಳೆತ ಮೂಲಂಗಿ ಸೊಪ್ಪನ್ನು ಎಸ್ತೇರಬಾಯಿಯವರ ಗೇಟಿನ ಮುಂದೆ ಚೆಲ್ಲುತ್ತಾಳೆಂದು ಇಬ್ಬರಿಗೂ ಹನ್ನೊಂದು ವರ್ಷದ ಜಗಳ. ಅವಳೀಗ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡು, ಆಪರೇಷನ್ ಆಗಿ, ಮಂಚ ಹಿಡಿದಿದ್ದಳು. ಈಗಲೇ ನಡೆಯದಿದ್ದರೆ ಮುಂದೆ ನಡೆಯುವುದೇ ಕಷ್ಟ ಎಂದಿದ್ದರು ಡಾಕ್ಟರು. ನಡೆಯದಿದ್ದರೆ ಸಂತೆಯ ಜಾಗವೂ ಹೋದಂತೆಯೇ. ಮಗಳು ರಾಜೇಶ್ವರಿ ಹಗಲೆಲ್ಲ ಕೆಲಸಕ್ಕೆ ಹೋಗುವವಳು. ಕಾಳವ್ವನಿಗೋ ಮತ್ತೆ ಬೀಳುವ ಭಯ. ಕಾಲು ನೆಲಕ್ಕೆ ಇಡಲೊಲ್ಲಳು.

"ಈ ಚೀಟಿ ನನಗ ಬ್ಯಾಡ," ಎಂದರು ಎಸ್ತೇರಬಾಯಿ.

"ಕಾನೂನ ಯಾರದವಾ?" ಎಂದರು ಸುಕನ್ಯಾಬಾಯಿ. "ನೆರಿಮಂದಿನ್ನ ನೋಡ್ಕೋರಿ ಅಂದಾನ ಸ್ವಾಮಿ. ಎದುರುಮನಿ ಬಿಟ್ಟು ಅಂತೇನ ಹೇಳಿಲ್ಲ."

ಎಸ್ತೇರಬಾಯಿ ಹೋದರು. ಮೊದಲ ದಿನ ಕಾಳವ್ವ ಗೋಡೆಯ ಕಡೆ ಹೊರಳಿ ಮಲಗಿದಳು. ಎರಡನೇ ದಿನ "ನಾ ಬಿದ್ದದ್ದು ನೋಡಾಕ ಬಂದೀಯೇನು?" ಎಂದಳು. ಆಮೇಲೆ ಅದೂ ಇಲ್ಲ. ಬುಧವಾರ ಎಸ್ತೇರಬಾಯಿ ಗೆಳತಿಯರ ಮುಂದೆ ತಲೆ ತಗ್ಗಿಸಿ ಕೂತರು. "ಆಕಿ ಏಳೂದಿಲ್ಲ. ನನ್ನ ಕೈಲೆ ಆಗಲಿಲ್ಲ."

ಗೆಳತಿಯರು ಚೀಟಿ ಹಿಂದಕ್ಕೆ ಪಡೆಯಲಿಲ್ಲ, ಬೈಯಲೂ ಇಲ್ಲ. ಚಹಾ ಅಲ್ಲೇ ಬಿಟ್ಟು, ಅವರನ್ನೂ ಎಬ್ಬಿಸಿಕೊಂಡು ಎದುರುಮನೆಗೆ ನಡೆದರು. ಹಿಂದೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹೊತ್ತವನು ನಾನು. ನನ್ನ ಸಮಾಜಸೇವೆ ಅಷ್ಟೇ.

ಕಾಳವ್ವನ ಮಂಚದಿಂದ ಅಂಗಳದ ಗೇಟಿನವರೆಗೆ ಮೂರು ಹೆಜ್ಜೆಗೊಂದು ಕುರ್ಚಿ ಹಾಕಿ ಒಬ್ಬೊಬ್ಬರು ಕೂತರು. ಕೊನೆಯದರಲ್ಲಿ ಎಸ್ತೇರಬಾಯಿ. ಬಾಲವಾಡಿಯಲ್ಲಿ ಅಂಜುಬುರುಕ ಮಕ್ಕಳನ್ನು ನಡೆಸುವ ಕ್ರಮವಂತೆ.

"ಬಿದ್ರ ಹಿಡಿಯಾಕ ನಾಕ ಮಂದಿ ಅದೇವಿ. ಬಾ ಇನ್ನ!" ಎಂದು ಎಸ್ತೇರಬಾಯಿ ಅಲ್ಲಿಂದಲೇ ಕೂಗಿದರು.

ರಾಜೇಶ್ವರಿ ಎಬ್ಬಿಸಿ ನಿಲ್ಲಿಸಿದಳು. ಕಾಳವ್ವ ವಾಕರ್ ಹಿಡಿದು, ನಡುಗುತ್ತ, ಕುರ್ಚಿಗೊಂದರಂತೆ ಬೈಗುಳ ಉದುರಿಸುತ್ತ ಬಂದಳು. ಹನ್ನೆರಡನೇ ಹೆಜ್ಜೆಗೆ ಎಸ್ತೇರಬಾಯಿಯವರ ಮುಂದೆ ನಿಂತಳು.

"ಏಳ ಆ ಕಡೆ. ನಾ ಕುಂದ್ರತೇನಿ."

ಎಸ್ತೇರಬಾಯಿ ತಟ್ಟನೆ ಎದ್ದು ಜಾಗ ಬಿಟ್ಟರು. ಅವರು ಯಾರ ಮಾತಿಗಾದರೂ ಹಾಗೆ ಎದ್ದದ್ದನ್ನು ನಾನು ಮತ್ತೆ ನೋಡಿಲ್ಲ.

ದೀಪಾವಳಿ ಹೊತ್ತಿಗೆ ಕಾಳವ್ವ ಕೋಲೂರಿಕೊಂಡು ಸಂತೆಯ ತನ್ನ ಜಾಗದಲ್ಲಿದ್ದಳು. ಇಬ್ಬರ ಜಗಳವೂ ಎದ್ದು ಓಡಾಡತೊಡಗಿತ್ತು. ಆದರೆ ಓಣಿಯಲ್ಲಿ ಒಂದು ಗುಸುಗುಸು. ಕೇಳಬಾರದ್ದನ್ನು ಕೇಳುವುದು ನನ್ನ ಹುಟ್ಟುಗುಣ. ಬೆಳ್ಳುಳ್ಳಿ ಸುಲಿಯುತ್ತಿದ್ದ ಎಸ್ತೇರಬಾಯಿಯವರ ಮುಂದೆ ಕೂತೆ.

"ಮಾವಶಿ, ಸಿಟ್ಟಾಗಬ್ಯಾಡ್ರಿ. ಕಾಳವ್ವನ್ನ ನಿಮ್ಮ ಚರ್ಚಿಗೆ ಸೇರಿಸ್ಕೊಳ್ಳಾಕ ಇಷ್ಟೆಲ್ಲ ಮಾಡಿದ್ರಿ ಅಂತಾರ ಮಂದಿ. ಖರೇನ್ರಿ?"

ಅವರು ತಲೆ ಎತ್ತಲೂ ಇಲ್ಲ.

"ಆಕಿನ್ನ? ವಾರದಾಗ ಆರು ದಿನ ಎದುರಿಗೆ ಇರ್ತಾಳ. ಐತವಾರನೂ ಬಾಜೂಕ ಬಂದು ಕುಂತಳಂದ್ರ ನಾ ಎಲ್ಲಿಗೆ ಹೋಗ್ಲೋ?"