ಚಂದ್ರಣ್ಣನ ಬಲಗೈ

ಯಾರಾದರೂ ವಿಚಿತ್ರ ಕತೆ ಹೇಳಲು ಶುರು ಮಾಡಿದರೆ ನಡುವೆ ಬಾಯಿ ಹಾಕುವವಳು ನಾನು. ಆಗ ಬೆಳಕು ಹೇಗಿತ್ತು, ಊಟ ಆಗಿತ್ತಾ, ಹಿಂದಿನ ದಿನ ಸರಿಯಾಗಿ ನಿದ್ದೆ ಮಾಡಿದ್ದಿರಾ ಎಂದೆಲ್ಲ ಕೇಳಿ ಕತೆಯ ಗಾಳಿ ತೆಗೆಯುವುದು ನನ್ನ ಚಾಳಿ. ಬ್ರಹ್ಮಾವರದ ತವರಿನಲ್ಲಿ ಇದೇ ಕಾರಣಕ್ಕೆ ಇಂಥ ಮಾತು ಬಂದಾಗ ನನ್ನನ್ನು ಕಾಫಿ ಮಾಡಲು ಅಟ್ಟುತ್ತಾರೆ. ಅಂಥವಳು ಈಗ ನಿಮ್ಮ ಮುಂದೆ ಕತೆ ಬಿಚ್ಚಿ ಕೂತಿದ್ದೇನೆ. ನಂಬಿ ಎನ್ನುವುದಿಲ್ಲ. ಆ ಪ್ರಶ್ನೆಗಳನ್ನೆಲ್ಲ ನನಗೇ ಕೇಳಿಕೊಂಡು ಸುಸ್ತಾದ ಮೇಲೆ ಬರೆಯುತ್ತಿದ್ದೇನೆ, ಅಷ್ಟೆ.

ನನ್ನದು ಫಿಸಿಯೋಥೆರಪಿ ಕೆಲಸ. ಕೋಟೇಶ್ವರದಲ್ಲಿ ಸಣ್ಣದೊಂದು ಕ್ಲಿನಿಕ್ ಇದೆ. ಬರಲಾಗದವರ ಮನೆಗೆ ನಾನೇ ಸ್ಕೂಟರ್ ಹತ್ತಿ ಹೋಗುತ್ತೇನೆ. ಬೀಜಾಡಿಯ ಚಂದ್ರಣ್ಣ ಹಾಗೆ ಪರಿಚಯವಾದವರು. ಕೈರಂಪಣಿ ಬಲೆ ಎಳೆಯುತ್ತಿದ್ದ ಗಟ್ಟಿ ಆಳು. ಹೆದ್ದಾರಿಯಲ್ಲಿ ಬೈಕಿನಿಂದ ಭುಜ ಮೊದಲಾಗಿ ಬಿದ್ದು, ಬಲಗೈಗೆ ಹೋಗುವ ನರಗಳು ಕುತ್ತಿಗೆಯ ಬುಡದಲ್ಲೇ ಕಿತ್ತುಬಂದಿದ್ದವು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಗಿಯೂ ಕೈ ತಿರುಗಿ ಬರಲಿಲ್ಲ. ನಾನು ಹೋಗತೊಡಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಆ ಕೈಗೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಕೀಲುಗಳು ಗಂಟು ಕಟ್ಟದಂತೆ, ಭುಜ ನೋಯದಂತೆ ನೋಡಿಕೊಳ್ಳುವುದಷ್ಟೇ ನನ್ನ ಪಾಲಿಗಿದ್ದ ಕೆಲಸ.

ಕೈರಂಪಣಿ ನೋಡದವರಿಗೆ ಒಂದು ಮಾತು. ಬಲೆಯ ಒಂದು ತುದಿಯ ಹಗ್ಗ ದಡದಲ್ಲೇ ಇರುತ್ತದೆ. ದೋಣಿ ಸಮುದ್ರದಲ್ಲಿ ಬಲೆ ಬಿಡುತ್ತ ಬಿಲ್ಲಿನಂತೆ ಸುತ್ತು ಹೊಡೆದು ಇನ್ನೊಂದು ತುದಿಯನ್ನು ದೂರದಲ್ಲಿ ತಂದು ಕೊಡುತ್ತದೆ. ಎರಡೂ ಕಡೆ ಜನ ಸಾಲಾಗಿ ನಿಂತು ಎಳೆಯುತ್ತ, ಎಳೆಯುತ್ತ ಹತ್ತಿರವಾಗುತ್ತಾರೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲುಂಟು. ದಾರಿಯಲ್ಲಿ ಹೋಗುವವರು ಬಂದು ಎಳೆದರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಚಂದ್ರಣ್ಣನ ತಂಡದವರು ಅವರ ಪಾಲನ್ನು ತಪ್ಪದೆ ಮನೆಗೆ ಕಳಿಸುತ್ತಿದ್ದರು. ಚಂದ್ರಣ್ಣ ತಪ್ಪದೆ ವಾಪಸು ಕಳಿಸುತ್ತಿದ್ದರು.

"ಕಾಣಿ ಡಾಕ್ಟ್ರಮ್ಮ, ಮನಿ ಬಾಗಿಲಿಗ್ ಬಂದ ಬಂಗ್ಡಿ ಮೀನ್ ತಿರ್ಗ್ ಹೋಯ್ತ್" ಎಂದು ಅವರ ಹೆಂಡತಿ ಗುಲಾಬಿ ಒಂದು ದಿನ ನನ್ನೆದುರು ಕಣ್ಣೀರು ಹಾಕಿದರು. "ತಂದವ್ರಿಗ್ ಮುಖ ತೋರ್ಸುಕ್ ಆತಿಲ್ಲೆ ನಂಗೆ."

"ಹಗ್ಗ ಎಳೀದೆ ತಕಂಡ್ರ್ ಅದ್ ಪಾಲಲ್ಲ, ಭಿಕ್ಷೆ" ಎಂದರು ಚಂದ್ರಣ್ಣ. ಒಮ್ಮೆ ಎಡಗೈ ಒಂದರಲ್ಲೇ ಎಳೆಯಲು ಹೋಗಿ ಹಗ್ಗ ಜಾರಿ, ಹಿಂದಿದ್ದವನೂ ಮುಗ್ಗರಿಸಿದ್ದನಂತೆ. ಅಂದಿನಿಂದ ಅವರು ದಡದ ಕಡೆ ಹೋಗಿರಲಿಲ್ಲ. ಮನೆಯಿಂದ ಸಮುದ್ರ ಕಾಣುತ್ತದೆ. ಅವರು ಕುರ್ಚಿಯನ್ನು ರಸ್ತೆಗೆ ಮುಖ ಮಾಡಿ ಹಾಕಿಕೊಳ್ಳುತ್ತಿದ್ದರು. ಕೈ ಹೋದದ್ದಕ್ಕಿಂತ ಆ ಸಾಲಿನಲ್ಲಿದ್ದ ಜಾಗ ಹೋದದ್ದೇ ಅವರನ್ನು ತಿನ್ನುತ್ತಿತ್ತು.

ಕೈ ಯಾಕೆ ಬರುವುದಿಲ್ಲ ಎಂದು ಅವರು ಕೇಳಿದ್ದುಂಟು. ನಾನು ಬಿಡಿಸಿ ಹೇಳಿದ್ದೆ. ಸ್ನಾಯು ಎಂದರೆ ಒಂದೇ ಮಾಂಸದ ಮುದ್ದೆಯಲ್ಲ. ಅದಕ್ಕೊಂದು ಹೊದಿಕೆ, ಒಳಗೆ ಕಟ್ಟುಗಳು, ಪ್ರತಿ ಕಟ್ಟಿಗೂ ತೆಳ್ಳಗಿನ ಪೊರೆ. ಕಟ್ಟಿನೊಳಗೆ ಕೂದಲೆಳೆಯಂಥ ನಾರುಗಳು, ನಾರಿನೊಳಗೆ ಕಣ್ಣಿಗೇ ಕಾಣದ ದಾರಗಳು. ದಾರಗಳಲ್ಲಿ ದಪ್ಪದ್ದೊಂದು ಜಾತಿ, ಸಪೂರದ್ದೊಂದು ಜಾತಿ. ದಪ್ಪ ದಾರಕ್ಕೆ ಪುಟ್ಟ ಪುಟ್ಟ ಕೈಗಳಿವೆ. ಅವು ಎರಡೂ ಕಡೆಯ ಸಪೂರ ದಾರಗಳನ್ನು ಹಿಡಿದು ನಡುವಿಗೆ ಎಳೆಯುತ್ತವೆ, ಬಿಡುತ್ತವೆ, ಮತ್ತೆ ಮುಂದಕ್ಕೆ ಹಿಡಿದು ಎಳೆಯುತ್ತವೆ. ಹಾಗೆ ಲಕ್ಷಾಂತರ ಕಡೆ ಒಟ್ಟಿಗೆ ಎಳೆದಾಗ ನಮ್ಮ ಕೈ ಮಡಚುತ್ತದೆ.

"ಹಾಂಗಾರ್ ಒಳ್ಗೂ ಕೈರಂಪಣಿಯೇ ಅನ್ನಿ" ಎಂದು ಅವರು ನಕ್ಕಿದ್ದರು. ಅವರು ನಕ್ಕಿದ್ದನ್ನು ನಾನು ಕಂಡದ್ದೇ ಅಪರೂಪ.

ಹೌದು ಎಂದೆ. ಒಂದೊಂದು ನರದ ಎಳೆಗೂ ಒಂದೊಂದು ಗುಂಪು ನಾರು. ನರ ಕೂಗಿದರೆ ಆ ಗುಂಪು ಎಳೆಯುತ್ತದೆ. ನಿಮ್ಮ ಕೈಯಲ್ಲಿ ಕೂಗುವವನೇ ಇಲ್ಲ. ಕೂಗು ಕೇಳದ ನಾರುಗಳು ಬಡವಾಗಿ, ಆ ಜಾಗಕ್ಕೆ ಕೊಬ್ಬು ತುಂಬಿದೆ. ಇನ್ನು ಕೂಗಿದರೂ ಎಳೆಯಲು ಜನ ಇಲ್ಲ. ಇಷ್ಟು ಮುಖದ ಮೇಲೆ ಹೇಳಬೇಕಿತ್ತೋ ಇಲ್ಲವೋ, ಹೇಳಿಬಿಟ್ಟೆ. ನನಗೆ ಬೇರೆ ರೀತಿ ಹೇಳಲು ಬರುವುದಿಲ್ಲ.

ಮಳೆಗಾಲ ಮುಗಿದು ಕಡಲು ಶಾಂತವಾದ ಒಂದು ಸಂಜೆ ನಾನು ಅಲ್ಲಿದ್ದೆ. ಬಿಸಿಲು ಇನ್ನೂ ಚೆನ್ನಾಗಿತ್ತು. ತಂಡದ ಹಿರಿಯ ಶೀನಣ್ಣ ಅಂಗಳದಿಂದಲೇ ಕರೆದರು. "ಹ್ವಾಯ್ ಚಂದ್ರ, ಬಲಿ ಭಾರ ಇತ್ತ್. ಜನ ಸಾಕಾತಿಲ್ಲೆ. ಬಾ ಮಾರಾಯ."

ಚಂದ್ರಣ್ಣ ತಲೆ ತಗ್ಗಿಸಿದರು. ಗುಲಾಬಿ ನನ್ನ ಮುಖ ನೋಡಿದರು. ನನಗೆ ರೇಗಿತು. "ಒಂದೋ ಕಳಿಸಿದ ಮೀನು ತಿನ್ನಿ, ಇಲ್ಲ ಹೋಗಿ ಎಳೆಯಿರಿ. ದಿನಾ ಇವರನ್ನು ಅಳಿಸಬೇಡಿ. ನಾನೂ ಬರುತ್ತೇನೆ, ಏಳಿ" ಎಂದೆ. ನನ್ನ ಜೋರಿಗೋ ಏನೋ, ಎದ್ದರು.

ಸಾಲಿನ ಕೊನೆಯಲ್ಲಿ ನಿಂತೆವು. ಅವರು ಎಡಗೈಯಲ್ಲಿ ಹಗ್ಗ ಹಿಡಿದರು. ಬಲಗೈ ಜೋತುಬಿದ್ದರೆ ಭುಜ ಎಳೆದು ನೋಯುತ್ತದೆಂದು ಅದನ್ನೂ ಹಗ್ಗದ ಮೇಲಿಟ್ಟು, ಬೆರಳುಗಳನ್ನು ಮಡಚಿ, ಮುಂಗೈಯ ಕೆಳಗೆ ನನ್ನ ಅಂಗೈ ಆನಿಸಿ ಹಿಡಿದೆ. ನನ್ನ ಬೆರಳುಗಳು ಸ್ನಾಯುವಿನ ಮೇಲೇ ಇದ್ದವು. ಅದು ಎಂದಿನಂತೆ ಮೆತ್ತಗಿತ್ತು.

ಮುಂದಿನಿಂದ "ಐಸಾ" ಎಂದು ಕೂಗು ಬಂತು. ನನ್ನ ಬೆರಳ ಕೆಳಗೆ ಆ ಸ್ನಾಯು ಗಟ್ಟಿಯಾಯಿತು.

ಹಗ್ಗ ಜಗ್ಗಿದ್ದರಿಂದ ಹಾಗಾಯಿತು ಎಂದುಕೊಂಡೆ. ಮಣಿಕಟ್ಟು ಹಿಂದಕ್ಕೆ ಬಾಗಿದರೆ ಸತ್ತ ಕೈಯ ಬೆರಳೂ ತಾನಾಗಿ ಮಡಚಿಕೊಳ್ಳುತ್ತದೆ, ನರಗಳ ಹಂಗು ಬೇಡ. ಆದರೆ ಹಗ್ಗ ಇನ್ನೂ ಅಲುಗಿರಲಿಲ್ಲ. ಕೂಗು ನಿಂತಾಗ ಸ್ನಾಯು ಸಡಿಲವಾಯಿತು. ಮತ್ತೆ ಕೂಗು, ಮತ್ತೆ ಬಿಗಿ. ಹಗ್ಗ ಜಗ್ಗುವುದು ಅದರ ನಂತರ. ನಾನು ಅವರ ಬೆರಳುಗಳ ಮತ್ತು ಹಗ್ಗದ ನಡುವೆ ನನ್ನ ತೋರುಬೆರಳು ತೂರಿಸಿದೆ. ಮುಂದಿನ ಕೂಗಿಗೆ ಆ ಕೈ ನನ್ನ ಬೆರಳನ್ನು ಹಿಂಡಿತು. ನೋವಿಗೆ ಕೂಗುವುದೊಂದು ಬಾಕಿ. ಬೆಳಕು ಚೆನ್ನಾಗಿತ್ತು, ಊಟ ಆಗಿತ್ತು, ನಿದ್ದೆಯೂ ಆಗಿತ್ತು.

ಚಂದ್ರಣ್ಣನಿಗೆ ಏನೂ ತಿಳಿದಿರಲಿಲ್ಲ. ಸ್ಪರ್ಶವೇ ಇಲ್ಲದ ಕೈಯಲ್ಲವೇ. ಅವರು ಸಮುದ್ರ ನೋಡುತ್ತ, ಉಳಿದವರ ಜೊತೆ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರು. ಬಲೆ ದಡ ಮುಟ್ಟಿತು. ಜನ ಮೀನಿನ ಕಡೆ ಓಡಿದರು. ಕೈ ನನ್ನ ಅಂಗೈಯಲ್ಲಿ ಹಿಂದಿನಂತೆಯೇ ಮೆತ್ತಗೆ ಬಿದ್ದಿತ್ತು.

ಶೀನಣ್ಣ ಬುಟ್ಟಿಯಲ್ಲಿ ಬಂಗುಡೆ ತಂದು ಮುಂದಿಟ್ಟರು. ಚಂದ್ರಣ್ಣ ಮುಟ್ಟಲಿಲ್ಲ. ನನ್ನ ಮುಖದಲ್ಲಿ ಏನು ಕಂಡರೋ. "ಎಂತ ಆಯ್ತ್ ಡಾಕ್ಟ್ರಮ್ಮ? ನನ್ ಬಲಗೈ ಎಂತಾರೂ ಮಾಡ್ತಾ?" ಎಂದರು. "ಪಾಪ ಅಂದ್ಕಂಡ್ ಸುಳ್ ಹೇಳ್ಬೇಡಿ. ಹಾಂಗಿದ್ರ್ ಈ ಮೀನ್ ನಂಗ್ ಬ್ಯಾಡ."

"ಎಳೆದಿದೆ" ಎಂದೆ. "ಹೇಗೆ ಅಂತ ಗೊತ್ತಿಲ್ಲ. ಆದರೆ ಎಳೆದಿದೆ."

ಅವರು ಎಡಗೈಯಲ್ಲಿ ಬುಟ್ಟಿ ಎತ್ತಿಕೊಂಡು ಮನೆಗೆ ನಡೆದರು. ಗುಲಾಬಿ ಅಂದು ಮಾಡಿದ ಸಾರನ್ನು ನಾನೂ ಉಂಡೆ. ಊಟದ ನಡುವೆ ನನ್ನ ಬೆರಳನ್ನು ನೋಡಿಕೊಂಡೆ, ಕೆಂಪಗಾಗಿತ್ತು. ಹಗ್ಗ ಉಜ್ಜಿದರೂ ಹಾಗಾಗುತ್ತದೆ.

ಮಾರನೆಯ ದಿನವೇ ಅವರನ್ನು ಕ್ಲಿನಿಕ್ಕಿಗೆ ಕರೆಸಿ ಕರೆಂಟ್ ಕೊಟ್ಟು ನೋಡಿದೆ. ಒಂದು ನಾರೂ ಮಿಸುಕಲಿಲ್ಲ. ಆಸ್ಪತ್ರೆಗೆ ಕರೆದೊಯ್ದು ಸ್ನಾಯುವಿಗೆ ಸೂಜಿ ಚುಚ್ಚಿ ನೋಡುವ ಪರೀಕ್ಷೆ ಮಾಡಿಸಿದೆ. ಯಂತ್ರದ ಪರದೆಯ ಮೇಲೆ ಗೆರೆ ನೆಟ್ಟಗಿತ್ತು. ಅಲ್ಲಿನ ಡಾಕ್ಟರ್ ನನ್ನ ಗೆಳತಿ. ಎಲ್ಲ ಕೇಳಿ ನನ್ನ ಬೆನ್ನು ತಟ್ಟಿ, "ಒಳ್ಳೆಯ ಸುಳ್ಳು ಹೇಳಿದೆ, ಪುಣ್ಯದ ಕೆಲಸ" ಎಂದಳು. ಗುಲಾಬಿಗೂ ಒಳಗೊಳಗೆ ಹಾಗೇ ಅನಿಸಿದೆ, ಅದಕ್ಕೇ ನನ್ನ ಮೇಲೆ ಅಷ್ಟು ಪ್ರೀತಿ. ನಾನು ಸುಳ್ಳು ಹೇಳಿದ್ದರೆ ಎಷ್ಟು ನಿರಾಳವಾಗಿರುತ್ತಿದ್ದೆ ಎಂದು ಅವರಿಗೆ ಹೇಗೆ ತಿಳಿಸಲಿ?

ಚಂದ್ರಣ್ಣ ಈಗ ಬಲೆ ಬಿಟ್ಟಾಗಲೆಲ್ಲ ದಡಕ್ಕೆ ಹೋಗುತ್ತಾರೆ. ಎಡಗೈಯಲ್ಲಿ ಎಳೆಯುತ್ತಾರೆ, ಬಲಗೈಯನ್ನು ಹಗ್ಗದ ಮೇಲಿಟ್ಟುಕೊಳ್ಳುತ್ತಾರೆ, ಪಾಲು ತರುತ್ತಾರೆ. ಬಿಡುವಾದಾಗ ನಾನೂ ಹೋಗಿ ಅವರ ಮುಂಗೈಗೆ ಬೆರಳು ಹಚ್ಚಿ ನಿಲ್ಲುತ್ತೇನೆ. ಕೂಗು ಬರುತ್ತದೆ, ಸಾಲು ಎಳೆಯುತ್ತದೆ, ಆ ಸ್ನಾಯು ಸುಮ್ಮನಿರುತ್ತದೆ.

ಮೊನ್ನೆಯೂ ಬಲೆ ಬಂದ ಮೇಲೆ ಅವರು ನನ್ನ ಕಡೆ ತಿರುಗಿ "ಇವತ್ತ್?" ಎಂದು ಕೇಳಿದರು.

"ಇಲ್ಲ ಚಂದ್ರಣ್ಣ, ಇವತ್ತೂ ಇಲ್ಲ" ಎಂದೆ.

ಅವರು ಮುಖ ಸಣ್ಣದು ಮಾಡಲಿಲ್ಲ. ಬುಟ್ಟಿ ಎತ್ತಿಕೊಂಡು, "ಇಲ್ದಿದ್ದ್ ದಿನ ಇಲ್ಲೆ ಅಂತ್ರಿ ಅಲ್ದಾ" ಎಂದರು. "ಹಾಂಗಾರ್ ಅವತ್ತ್ ಹೇಳದ್ದ್ ಸುಳ್ಳಲ್ಲ."

ಸುಳ್ಳಲ್ಲ. ಹೇಗೆ ಎಂದು ಮಾತ್ರ ನನ್ನನ್ನು ಕೇಳಬೇಡಿ.